ಈಸ್ಟರ್ ದ್ವೀಪದ ಮಣ್ಣು, ನೂರೈವತ್ತು ವರ್ಷದ ಪಣ

1964ರ ಕೊನೆಯಲ್ಲಿ ಕೆನಡಾ ನೌಕಾಪಡೆಯ ಹಡಗೊಂದು ವೈದ್ಯರು ಮತ್ತು ವಿಜ್ಞಾನಿಗಳ ತಂಡವನ್ನು ಹೊತ್ತು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪ ತಲುಪಿತು. ದೊಡ್ಡ ತಲೆಯ ಕಲ್ಲಿನ ವಿಗ್ರಹಗಳಿಗೆ ಹೆಸರಾದ ಆ ನೆಲವನ್ನು ಅಲ್ಲಿಯವರು ರಾಪಾ ನೂಯಿ ಎನ್ನುತ್ತಾರೆ. ವಿಮಾನ ನಿಲ್ದಾಣ ಬಂದು ಹೊರಗಿನ ರೋಗಗಳೆಲ್ಲ ಕಾಲಿಡುವ ಮೊದಲೇ ದ್ವೀಪದವರ ಆರೋಗ್ಯವನ್ನು ದಾಖಲಿಸಿಕೊಳ್ಳಬೇಕೆಂಬುದು ತಂಡದ ಉದ್ದೇಶ. ಅದರಲ್ಲಿದ್ದ ಸೂಕ್ಷ್ಮಜೀವಿ ತಜ್ಞ ಜಾರ್ಜ್ ನೋಗ್ರಾಡಿ ಅವರಿಗೆ ಒಂದು ಸಂಗತಿ ಬಗೆಹರಿಯಲಿಲ್ಲ. ಜನ ಬರಿಗಾಲಲ್ಲೇ ಓಡಾಡುತ್ತಾರೆ, ಊರ ತುಂಬ ಕುದುರೆಗಳಿವೆ, ಆದರೂ ಧನುರ್ವಾಯು ಯಾಕೆ ಕಾಣುತ್ತಿಲ್ಲ? ಅವರು ದ್ವೀಪವನ್ನು 67 ಭಾಗ ಮಾಡಿ, ಒಂದೊಂದರಿಂದಲೂ ಮಣ್ಣು ತೆಗೆದು ಶೀಶೆಗೆ ತುಂಬಿಕೊಂಡರು.

ಧನುರ್ವಾಯುವಿನ ಪ್ರಶ್ನೆ ಆಮೇಲೆ ಹಿಂದೆ ಸರಿಯಿತು. ಮಣ್ಣು ಮಾತ್ರ ಮಾಂಟ್ರಿಯಲ್‌ನ ಏಯರ್ಸ್ಟ್ ಎಂಬ ಔಷಧ ಕಂಪನಿಯ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ಅದು ಸುರೇಂದ್ರನಾಥ ಸೆಹಗಲ್ ಅವರ ಕೈಗೆ ಬಂತು. ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಇಂಗ್ಲೆಂಡಿನಲ್ಲಿ ಡಾಕ್ಟರೇಟ್ ಮುಗಿಸಿ ಕೆನಡಾ ಸೇರಿದ್ದವರು ಅವರು. ಆ ಮಣ್ಣಿನ ಬ್ಯಾಕ್ಟೀರಿಯಾವೊಂದು ಸ್ರವಿಸುತ್ತಿದ್ದ ವಸ್ತುವನ್ನು 1972ರಲ್ಲಿ ಅವರ ತಂಡ ಬೇರ್ಪಡಿಸಿ, ದ್ವೀಪದ ಹೆಸರನ್ನೇ ಸೇರಿಸಿ ರಾಪಾಮೈಸಿನ್ ಎಂದು ಕರೆಯಿತು. ಹುಡುಕುತ್ತಿದ್ದದ್ದು ಶಿಲೀಂಧ್ರ ಕೊಲ್ಲುವ ಮದ್ದು. ಸಿಕ್ಕ ಮದ್ದೋ, ದೇಹದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತಿತ್ತು. ಕಂಪನಿಗೆ ಆಸಕ್ತಿ ಹೋಯಿತು. 1980ರ ದಶಕದ ಆರಂಭದಲ್ಲಿ ಮಾಂಟ್ರಿಯಲ್ ಪ್ರಯೋಗಾಲಯವನ್ನೇ ಮುಚ್ಚಿ, ಲಾಭ ಕಾಣದ ಮಾದರಿಗಳನ್ನು ನಾಶಪಡಿಸಲು ಹೇಳಿತು.

ಸೆಹಗಲ್ ಕೇಳಲಿಲ್ಲ. ಕೊನೆಯದಾಗಿ ಒಂದಷ್ಟು ತಯಾರಿಸಿ, ಶೀಶೆಗಳಿಗೆ ತುಂಬಿ ಮನೆಗೆ ಒಯ್ದು ಫ್ರೀಜರ್‌ನಲ್ಲಿ ಐಸ್‌ಕ್ರೀಮಿನ ಪಕ್ಕ ಇಟ್ಟರು. ಮೇಲೆ ‘ತಿನ್ನಬೇಡಿ’ ಎಂಬ ಚೀಟಿ. ವರ್ಷಗಳ ನಂತರ ಕಂಪನಿಯ ಆಡಳಿತ ಬದಲಾದಾಗ ಹೊಸಬರನ್ನು ಒಪ್ಪಿಸಿ ಕೆಲಸ ಮತ್ತೆ ಶುರು ಮಾಡಿದರು. 1999ರಲ್ಲಿ, ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡಲು ಅಮೆರಿಕ ಅನುಮತಿ ನೀಡಿತು. ಸಿರೊಲಿಮಸ್ ಎಂಬ ಇನ್ನೊಂದು ಹೆಸರಿನಲ್ಲಿ ಇದೇ ವಸ್ತು ಹೃದಯದ ರಕ್ತನಾಳಕ್ಕೆ ಹಾಕುವ ಹಲವು ಸ್ಟೆಂಟ್‌ಗಳ ಲೇಪವೂ ಹೌದು. ‘ಸ್ಟಂಟ್ ಹಾಕಿಸಿಕೊಂಡು ಬಂದೆ’ ಎನ್ನುವ ನಮ್ಮೂರುಗಳ ಎಷ್ಟೋ ಹಿರಿಯರ ಎದೆಯೊಳಗೆ ಆ ದೂರದ ದ್ವೀಪದ ಮಣ್ಣಿನ ಅಂಶ ಸೇರಿಹೋಗಿದೆ.

ಇಷ್ಟು ವಿವರವಾಗಿ ಈ ಕಥೆ ಹೇಳಲು ಕಾರಣವಿದೆ. ಆಯಸ್ಸು ಹೆಚ್ಚಿಸುವ ಔಷಧಗಳ ಬಗ್ಗೆ ದಿನಕ್ಕೊಂದು ಸುದ್ದಿ ಬರುವ ಕಾಲದಲ್ಲಿ, ಸಸ್ತನಿಗಳಲ್ಲಿ ಮತ್ತೆ ಮತ್ತೆ ಪರೀಕ್ಷೆಗೆ ನಿಂತು ಗೆದ್ದ ಔಷಧ ಯಾವುದು ಎಂದರೆ ಮೊದಲು ಬರುವ ಹೆಸರು ರಾಪಾಮೈಸಿನ್. ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆ ನಡೆಸುವ ಒಂದು ಪರೀಕ್ಷಾ ಯೋಜನೆಯಿದೆ. ಒಂದೇ ಔಷಧವನ್ನು ಮೂರು ಬೇರೆ ಬೇರೆ ಕಡೆ, ಮೇನ್, ಮಿಷಿಗನ್ ಮತ್ತು ಟೆಕ್ಸಾಸ್‌ಗಳಲ್ಲಿ, ಏಕಕಾಲಕ್ಕೆ ಇಲಿಗಳಿಗೆ ಕೊಟ್ಟು ನೋಡುತ್ತಾರೆ. ಒಬ್ಬರ ಕೈಗುಣದಿಂದ ಬಂದ ಫಲಿತಾಂಶ ಇನ್ನೊಬ್ಬರಲ್ಲಿ ಬಯಲಾಗಲಿ ಎಂದು. ರಾಪಾಮೈಸಿನ್ ಸರದಿ ಬಂದಾಗ ಒಂದು ತೊಡಕಾಯಿತು. ಆಹಾರದಲ್ಲಿ ಬೆರೆಸಿದರೆ ಔಷಧ ಕೆಡುತ್ತಿತ್ತು. ಅದಕ್ಕೊಂದು ರಕ್ಷಣಾ ಕವಚ ಮಾಡಿ ಸಿದ್ಧಪಡಿಸುವಷ್ಟರಲ್ಲಿ ಕಾಯುತ್ತಿದ್ದ ಇಲಿಗಳಿಗೆ 600 ದಿನ ತುಂಬಿತ್ತು. ಮನುಷ್ಯರ ಲೆಕ್ಕದಲ್ಲಿ ಅರವತ್ತರ ಆಸುಪಾಸು. ಇನ್ನೇನು ಆಗುತ್ತದೆ ಎಂದು ಅರ್ಧ ಮನಸ್ಸಿನಿಂದಲೇ ಕೊಟ್ಟಿರಬೇಕು. 2009ರಲ್ಲಿ ಫಲಿತಾಂಶ ಬಂತು: ನೂರರಲ್ಲಿ ತೊಂಬತ್ತು ಇಲಿಗಳು ಸಾಯುವ ವಯಸ್ಸು ಹೆಣ್ಣುಗಳಲ್ಲಿ ಶೇ 14, ಗಂಡುಗಳಲ್ಲಿ ಶೇ 9ರಷ್ಟು ಮುಂದೆ ಹೋಗಿತ್ತು. ಮೂರೂ ಕಡೆ ಅದೇ ಕಥೆ. ಮುದಿಯಾದ ಮೇಲೆ ಶುರು ಮಾಡಿದರೂ ಫಲ ಸಿಗುತ್ತದೆ ಎಂಬುದು ಆ ದಿನದವರೆಗೆ ಯಾರೂ ಗಟ್ಟಿಯಾಗಿ ಹೇಳಿದ ಮಾತಾಗಿರಲಿಲ್ಲ.

ರಾಪಾಮೈಸಿನ್ ಕೆಲಸ ಮಾಡುವ ಬಗೆ 1991ರಲ್ಲೇ ಸ್ವಲ್ಪ ಸ್ಪಷ್ಟವಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೈಕೆಲ್ ಹಾಲ್, ಜೋಸೆಫ್ ಹೈಟ್‌ಮನ್ ಮತ್ತು ರಾವ್ ಮೊವ್ವಾ ಯೀಸ್ಟ್ ಕೋಶಗಳಲ್ಲಿ ಈ ಔಷಧ ಯಾವ ಪ್ರೋಟೀನಿಗೆ ಹೋಗಿ ತಟ್ಟುತ್ತದೆ ಎಂದು ಕಂಡುಹಿಡಿದರು. ‘ಟಾರ್’ ಎಂಬ ಆ ಪ್ರೋಟೀನ್ ಯೀಸ್ಟಿನಿಂದ ಮನುಷ್ಯನವರೆಗೆ ಎಲ್ಲರಲ್ಲೂ ಇದೆ. ಆಹಾರ ಸಮೃದ್ಧವಾಗಿದ್ದರೆ ‘ಬೆಳೆ, ಕಟ್ಟು’ ಎಂದು ಜೀವಕೋಶಕ್ಕೆ ಸೂಚನೆ ಕೊಡುವುದು ಅದರ ಕೆಲಸ. ಅದನ್ನು ತಗ್ಗಿಸಿದರೆ ಕೋಶ ಹೊಸದು ಕಟ್ಟುವುದನ್ನು ನಿಲ್ಲಿಸಿ, ಬರಗಾಲದಲ್ಲಿ ಅಟ್ಟದ ಮೇಲಿನ ಹಳೆಯ ಸಾಮಾನು ಇಳಿಸಿ ರಿಪೇರಿ ಮಾಡಿಕೊಳ್ಳುವ ಸಂಸಾರದಂತೆ, ತನ್ನೊಳಗಿನ ಮುರುಕುಗಳನ್ನೇ ಒಡೆದು ಮರುಬಳಕೆ ಮಾಡುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ 1935ರಲ್ಲೇ ಆಹಾರ ಕಡಿಮೆ ಮಾಡಿದ ಇಲಿಗಳು ಹೆಚ್ಚು ಬದುಕುತ್ತವೆ ಎಂದು ತೋರಿಸಿದ್ದರು. ರಾಪಾಮೈಸಿನ್ ಕೋಶಗಳಿಗೆ ಉಪವಾಸದ ಭ್ರಮೆ ಹುಟ್ಟಿಸುತ್ತದೆ ಎಂದರೆ ಬಹುಮಟ್ಟಿಗೆ ಸರಿ.

ಹಾಗಾದರೆ ಏಕಾದಶಿ ಮಾಡಿದರೆ ಸಾಕಲ್ಲ ಎನ್ನುವವರು ಸ್ವಲ್ಪ ತಾಳಬೇಕು. ಆಹಾರ ಮಿತಿಯ ಪರೀಕ್ಷೆಯನ್ನು ಮಂಗಗಳ ಮೇಲೂ ಮಾಡಿದ್ದಾರೆ. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಎರಡು ಕಡೆ ರೀಸಸ್ ಮಂಗಗಳನ್ನು ಇಟ್ಟುಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. ವಿಸ್ಕಾನ್ಸಿನ್‌ನವರು 2009ರಲ್ಲಿ ‘ಲಾಭವಿದೆ’ ಎಂದರು. ವೃದ್ಧಾಪ್ಯ ಸಂಸ್ಥೆಯವರು 2012ರಲ್ಲಿ ‘ಆಯಸ್ಸೇನೂ ಹೆಚ್ಚಲಿಲ್ಲ’ ಎಂದರು. ಜಗಳ ಬಗೆಹರಿಸಲು ಕೂತಾಗ ತಿಳಿದದ್ದು ಇದು: ವಿಸ್ಕಾನ್ಸಿನ್‌ನ ಮಂಗಗಳ ತಿಂಡಿಯಲ್ಲಿ ಸಕ್ಕರೆಯೇ ಕಾಲು ಭಾಗಕ್ಕಿಂತ ಹೆಚ್ಚಿತ್ತು, ಹೋಲಿಕೆಗೆಂದು ಇಟ್ಟ ಗುಂಪು ಬೇಕಾದಷ್ಟು ತಿಂದು ಕೊಬ್ಬಿತ್ತು. ಇನ್ನೊಂದು ಕಡೆ ಹೋಲಿಕೆಯ ಗುಂಪೂ ಹಿತಮಿತವಾಗಿಯೇ ತಿನ್ನುತ್ತಿತ್ತು. ಯಾರ ಜೊತೆ ಹೋಲಿಸುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿತ್ತು.

ನನಗೆ ಈ ಇಡೀ ಕ್ಷೇತ್ರದ ನಿಜವಾದ ಕಷ್ಟ ಇಲ್ಲೇ ಇದೆ ಅನಿಸುತ್ತದೆ. ಮದ್ದಿನ ಕೊರತೆ ಅಷ್ಟಾಗಿ ಇಲ್ಲ, ಕೊರತೆ ಇರುವುದು ಅಳತೆಗೋಲಿಗೆ. ಪ್ರಯೋಗಾಲಯದ ಇಲಿ ಎರಡೂವರೆ ಮೂರು ವರ್ಷದಲ್ಲಿ ಬದುಕು ಮುಗಿಸುತ್ತದೆ. ಮೂರು ವಾರ ಬದುಕುವ ಸಿ. ಎಲೆಗನ್ಸ್ ಹುಳುವಿನ ಒಂದೇ ಒಂದು ಜೀನ್ ಕೆಡಿಸಿ ಸಿಂಥಿಯಾ ಕೆನ್ಯನ್ 1993ರಲ್ಲಿ ಅದರ ಆಯಸ್ಸನ್ನು ಇಮ್ಮಡಿ ಮಾಡಿದರು. ಉತ್ತರಕ್ಕೆ ಕೆಲವು ವಾರ ಕಾದರೆ ಸಾಕಿತ್ತು. ಮನುಷ್ಯನ ಮೇಲೆ ಅದೇ ಪರೀಕ್ಷೆ ಮಾಡಿದರೆ ಫಲಿತಾಂಶ ನೋಡಲು ಪರೀಕ್ಷಿಸಿದವರೇ ಇರುವುದಿಲ್ಲ. ಔಷಧದ ಪೇಟೆಂಟ್ ಇಪ್ಪತ್ತು ವರ್ಷಕ್ಕೆ ಮುಗಿಯುವುದರಿಂದ ಕಂಪನಿಯೂ ಅಷ್ಟು ಕಾಯುವುದಿಲ್ಲ.

ಆದ್ದರಿಂದ ಎಲ್ಲರೂ ಅಡ್ಡದಾರಿ ಹುಡುಕುತ್ತಾರೆ. ರಾಪಾಮೈಸಿನ್‌ನ ಹತ್ತಿರದ ಸಂಬಂಧಿ ಎವರೊಲಿಮಸ್ ಅನ್ನು ವಯಸ್ಸಾದವರಿಗೆ ಕೆಲವು ವಾರ ಕೊಟ್ಟಾಗ ಫ್ಲೂ ಲಸಿಕೆಗೆ ಅವರ ದೇಹ ಸುಮಾರು ಶೇ 20ರಷ್ಟು ಚೆನ್ನಾಗಿ ಸ್ಪಂದಿಸಿತು ಎಂದು 2014ರಲ್ಲಿ ವರದಿಯಾಯಿತು. ಆಸೆ ಚಿಗುರಿತು. ಅದೇ ಹಾದಿಯ ಇನ್ನೊಂದು ಔಷಧವನ್ನು ದೊಡ್ಡ ಪರೀಕ್ಷೆಗೆ ಒಡ್ಡಿದಾಗ, 2019ರಲ್ಲಿ, ಅದು ಉಸಿರಾಟದ ಕಾಯಿಲೆಗಳನ್ನು ತಡೆಯಲಿಲ್ಲ. ಆರೋಗ್ಯವಂತರಿಗೆ ವಾರಕ್ಕೊಮ್ಮೆ ರಾಪಾಮೈಸಿನ್ ಕೊಟ್ಟು 48 ವಾರ ನೋಡಿದ ಪರೀಕ್ಷೆಯೂ ಒಂದಿದೆ. ಅದರ ಮುಖ್ಯ ಅಳತೆ ಹೊಟ್ಟೆಯೊಳಗಿನ ಕೊಬ್ಬು. ಅದರಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ, ಹೆಚ್ಚು ಪ್ರಮಾಣ ಪಡೆದ ಹೆಂಗಸರಲ್ಲಿ ಮಾಂಸಖಂಡ ಒಂದಿಷ್ಟು ಉತ್ತಮವಾಗಿತ್ತು. ಇದರಿಂದ ಆಯಸ್ಸಿನ ಬಗ್ಗೆ ಏನು ಹೇಳಬಹುದು? ಹೆಚ್ಚೇನಿಲ್ಲ.

ಸೆಹಗಲ್ ಕೊನೆಗಾಲದಲ್ಲಿ ಇದೇ ಪ್ರಶ್ನೆಗೆ ಸಿಕ್ಕಿಕೊಂಡರು. 1998ರಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಇದೆಯೆಂದು ತಿಳಿಯಿತು, ಅದು ಹರಡಿಯೂ ಇತ್ತು. ಆರು ತಿಂಗಳ ಗಡುವು ಹೇಳಿದ್ದರು. ತಾವೇ ಕಂಡುಹಿಡಿದ ಔಷಧವನ್ನು ತೆಗೆದುಕೊಳ್ಳತೊಡಗಿದರು. ವರ್ಷ ಉರುಳಿತು, ಮತ್ತೆ ವರ್ಷ ಉರುಳಿತು. ಆಮೇಲೆ ಅವರೊಳಗಿನ ವಿಜ್ಞಾನಿ ಸುಮ್ಮನಿರಲಿಲ್ಲ. ಬದುಕಿಸಿರುವುದು ಔಷಧವೋ, ಬರೀ ಅದೃಷ್ಟವೋ? ತಿಳಿಯಲು ಇರುವುದು ಒಂದೇ ದಾರಿ ಎಂದು ಔಷಧ ನಿಲ್ಲಿಸಿದರು. ಕ್ಯಾನ್ಸರ್ ಮರಳಿತು. 2003ರ ಜನವರಿಯಲ್ಲಿ ತೀರಿಕೊಂಡರು. ಮನೆಯವರ ಪಾಲಿಗೆ ಅದು ಪುರಾವೆ. ವಿಜ್ಞಾನದ ಲೆಕ್ಕದಲ್ಲಿ ಒಬ್ಬನೇ ಮನುಷ್ಯನ ಕಥೆ, ಅದು ಯಾವುದನ್ನೂ ಸಾಬೀತು ಮಾಡದು. ಅದು ಅವರಿಗೂ ಗೊತ್ತಿದ್ದೀತು.

ಅಳತೆಗೋಲಿಲ್ಲದ ಕಡೆ ವ್ಯಾಪಾರ ಬೇಗ ಬಂದು ಕೂರುತ್ತದೆ. ಅಮೆರಿಕದ ಶ್ರೀಮಂತ ಬ್ರಯಾನ್ ಜಾನ್ಸನ್ ತಮ್ಮ ದೇಹವನ್ನೇ ಪ್ರದರ್ಶನಕ್ಕಿಟ್ಟವರು. ಸುಮಾರು ಐದು ವರ್ಷ ರಾಪಾಮೈಸಿನ್ ನುಂಗಿ, 2024ರಲ್ಲಿ ಚರ್ಮದ ಸೋಂಕು, ಏರಿದ ಸಕ್ಕರೆ, ಕೊಬ್ಬಿನ ಏರುಪೇರು ಎಂದು ನಿಲ್ಲಿಸಿದರು. ಅದಕ್ಕೂ ಮೊದಲು ಹದಿಹರೆಯದ ಮಗನ ರಕ್ತದ ಪ್ಲಾಸ್ಮಾ ಹಾಕಿಸಿಕೊಂಡು, ಉಪಯೋಗ ಕಾಣಲಿಲ್ಲವೆಂದು ಅದನ್ನೂ ಬಿಟ್ಟಿದ್ದರು. ಯಯಾತಿಗೆ ಸಾವಿರ ವರ್ಷವಾದರೂ ಸಿಕ್ಕಿತ್ತು. ಭಾರತಕ್ಕೆ ಬಂದಾಗ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರ ಪಾಡ್‌ಕಾಸ್ಟ್ ನಡುವೆಯೇ, ಗಾಳಿ ಸರಿಯಿಲ್ಲವೆಂದು ಎದ್ದು ಹೋದರು. ಜಾಲತಾಣದಲ್ಲಿ ನಮ್ಮವರು ನಕ್ಕರು, ಕೋಪಿಸಿಕೊಂಡರು. ಆದರೆ ಅವರು ಮಾಡಿದ್ದರಲ್ಲೆಲ್ಲ ಸಂದೇಹಕ್ಕೆ ಎಡೆಯಿಲ್ಲದ ಆರೋಗ್ಯ ಸಲಹೆ ಅದೊಂದೇ ಇರಬಹುದು.

ದುಬಾರಿ ಔಷಧಗಳ ಕಥೆ ಹೀಗಾದರೆ, ತೀರಾ ಅಗ್ಗದ ಔಷಧದ ಪಾಡು ಬೇರೆ. ಮೆಟ್‌ಫಾರ್ಮಿನ್ ಅಂದರೆ ನಮ್ಮ ಮನೆಮನೆಯ ಶುಗರ್ ಮಾತ್ರೆ. ಇದನ್ನು ನುಂಗುವ ಮಧುಮೇಹಿಗಳು ಮಧುಮೇಹವೇ ಇಲ್ಲದವರಿಗಿಂತ ಹೆಚ್ಚು ಬದುಕಿದರು ಎಂದು ಬ್ರಿಟನ್ನಿನ ದಾಖಲೆಗಳನ್ನು ಜಾಲಾಡಿದವರು 2014ರಲ್ಲಿ ಹೇಳಿದಾಗ ದೊಡ್ಡ ಗದ್ದಲವಾಯಿತು. 2022ರಲ್ಲಿ ಡೆನ್ಮಾರ್ಕಿನ ದಾಖಲೆಗಳಲ್ಲಿ ಹುಡುಕಿದವರಿಗೆ ಆ ಲಾಭ ಕಾಣಲಿಲ್ಲ. ಇದನ್ನು ತೀರ್ಮಾನಿಸಬಲ್ಲ ಪರೀಕ್ಷೆಯೊಂದನ್ನು ನ್ಯೂಯಾರ್ಕಿನ ನೀರ್ ಬರ್ಜಿಲಾಯ್ ಎಂದೋ ರೂಪಿಸಿಟ್ಟಿದ್ದಾರೆ: 65ರಿಂದ 79 ವರ್ಷದ 3,000 ಜನ, ಆರು ವರ್ಷ, ಹೃದ್ರೋಗ, ಕ್ಯಾನ್ಸರ್, ಮರೆಗುಳಿತನಗಳು ಬರುವುದು ತಡವಾಗುತ್ತದೆಯೇ ಎಂದು ನೋಡುವುದು. ಸಾವಿಗೆ ಕಾಯಬೇಕಿಲ್ಲ ಎಂಬುದೇ ಅದರ ಜಾಣತನ. ವರ್ಷಗಟ್ಟಲೆ ಅದಕ್ಕೆ ಪೂರ್ತಿ ದುಡ್ಡು ಹುಟ್ಟಲಿಲ್ಲ. ಯಾರ ಸ್ವತ್ತೂ ಅಲ್ಲದ, ನಾಲ್ಕು ಕಾಸಿನ ಮಾತ್ರೆ ಗೆದ್ದರೆ ಯಾರಿಗೆ ಲಾಭ? ಅದೇ ಹೊತ್ತಿನಲ್ಲಿ, 2022ರಲ್ಲಿ, ಆಲ್ಟೋಸ್ ಲ್ಯಾಬ್ಸ್ ಎಂಬ ಕಂಪನಿ 300 ಕೋಟಿ ಡಾಲರ್ ಬಂಡವಾಳದೊಂದಿಗೆ ಬಾಗಿಲು ತೆರೆಯಿತು. ಅವರ ಆಸೆ ಶಿನ್ಯಾ ಯಮನಾಕಾ ಅವರ ಶೋಧದ ಮೇಲೆ ನಿಂತಿದೆ. ನಾಲ್ಕು ಜೀನ್‌ಗಳನ್ನು ಎಬ್ಬಿಸಿದರೆ ಬೆಳೆದ ಕೋಶ ಮತ್ತೆ ಭ್ರೂಣದ ಕೋಶದಂತಾಗುತ್ತದೆ ಎಂದು ಕ್ಯೋಟೋದಲ್ಲಿ 2006ರಲ್ಲಿ ಅವರು ತೋರಿಸಿದ್ದರು, 2012ರಲ್ಲಿ ನೊಬೆಲ್ ಬಂತು. ಪೂರ್ತಿ ಎಬ್ಬಿಸಿದರೆ ಗಡ್ಡೆ ಬೆಳೆಯುತ್ತದೆ, ಅರೆಬರೆ ಎಬ್ಬಿಸಿದರೆ ಕೋಶ ಹರೆಯಕ್ಕೆ ಮರಳೀತು ಎಂಬ ನಿರೀಕ್ಷೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಕುತೂಹಲದ ಕೆಲಸ ಇದೇ, ಔಷಧದ ಅಂಗಡಿಗೆ ಅತ್ಯಂತ ದೂರದ್ದೂ ಇದೇ.

ಈವರೆಗೆ ನಮ್ಮ ಆಯಸ್ಸು ಬೆಳೆದದ್ದು ಇಂಥ ಯಾವುದರಿಂದಲೂ ಅಲ್ಲ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಜೀವಿತಾವಧಿ 32ರ ಆಸುಪಾಸು, ಈಗ 70. ಆಗಿನವರೆಲ್ಲ ಮೂವತ್ತೆರಡಕ್ಕೆ ಮುದುಕರಾಗುತ್ತಿದ್ದರು ಎಂದು ಇದರ ಅರ್ಥವಲ್ಲ. ತೊಟ್ಟಿಲಲ್ಲೇ ತೀರಿಕೊಂಡ ಕೂಸುಗಳು ಆ ಸರಾಸರಿಯನ್ನು ಕೆಳಗೆ ಎಳೆದಿದ್ದವು. ಬಾಲ್ಯ ದಾಟಿ, ಪ್ಲೇಗು ಕಾಲರಾಗಳಿಂದ ತಪ್ಪಿಸಿಕೊಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರಂತೆ ನೂರು ದಾಟಿದವರು ಆಗಲೂ ಇದ್ದರು. ಅವರು 1962ರಲ್ಲಿ ತೀರಿಕೊಂಡರು. ಮರುವರ್ಷ ಜಪಾನ್ ತನ್ನ ಶತಾಯುಷಿಗಳನ್ನು ಎಣಿಸಿದಾಗ ಸಿಕ್ಕವರು 153 ಮಂದಿ. 2025ರಲ್ಲಿ ಅಲ್ಲಿ 99,763. ನೂರು ಮುಟ್ಟುವವರ ಸಾಲು ಉದ್ದವಾಗಿದೆಯೇ ಹೊರತು ಸಾಲಿನ ತುದಿ ಮುಂದೆ ಸರಿದಿಲ್ಲ. ಲಂಡನ್ನಿನ ವಿಮಾ ಗಣಿತಜ್ಞ ಬೆಂಜಮಿನ್ ಗಾಂಪರ್ಟ್ಸ್ 1825ರಲ್ಲಿ ಗುರುತಿಸಿದ ಸೂತ್ರ ಇವತ್ತಿಗೂ ಬಿಗಿಯಾಗಿದೆ: ನಡುವಯಸ್ಸಿನ ನಂತರ ಸರಿಸುಮಾರು ಪ್ರತಿ ಎಂಟು ವರ್ಷಕ್ಕೆ ಸಾವಿನ ಸಾಧ್ಯತೆ ಇಮ್ಮಡಿಯಾಗುತ್ತದೆ. ಕ್ಯಾನ್ಸರನ್ನು ಇಡಿಯಾಗಿ ಅಳಿಸಿಬಿಟ್ಟರೂ ಅಮೆರಿಕದವರ ಸರಾಸರಿಗೆ ಸೇರುವುದು ಮೂರು ವರ್ಷದಷ್ಟು. ಒಂದರಿಂದ ಉಳಿದವರನ್ನು ಇನ್ನೊಂದು ಕಾದಿರುತ್ತದೆ.

ಸಾಲಿನ ತುದಿಯಲ್ಲಿ ನಿಂತಿರುವವರು ಫ್ರಾನ್ಸಿನ ಆರ್ಲ್ ಊರಿನ ಝಾನ್ ಕಾಲ್ಮಾ. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು. 122 ವರ್ಷ 164 ದಿನ. ಅವರಿಗೆ ತೊಂಬತ್ತಾಗಿದ್ದಾಗ ವಕೀಲಿ ವೃತ್ತಿಯವರೊಬ್ಬರು ಅವರ ಮನೆ ಕೊಳ್ಳುವ ಕರಾರು ಮಾಡಿಕೊಂಡರು: ಅಜ್ಜಿ ಬದುಕಿರುವವರೆಗೆ ತಿಂಗಳಿಗೆ 2,500 ಫ್ರಾಂಕ್ ಕೊಡುವುದು, ಆಮೇಲೆ ಮನೆ ತನಗೆ. ಮೂವತ್ತು ವರ್ಷ ಕೊಟ್ಟು, ಮನೆಯ ಬೆಲೆಯ ಎರಡರಷ್ಟು ತೆತ್ತು, 1995ರಲ್ಲಿ ಅವರೇ ಮೊದಲು ಹೋದರು. ಉಳಿದ ಕಂತನ್ನು ಅವರ ಹೆಂಡತಿ ಕಟ್ಟಬೇಕಾಯಿತು. ಈ ಅಜ್ಜಿಯ ವಯಸ್ಸನ್ನೂ ರಷ್ಯಾದ ಸಂಶೋಧಕರು 2018ರಲ್ಲಿ ಪ್ರಶ್ನಿಸಿದರು. ಸತ್ತ ತಾಯಿಯ ಹೆಸರಿನಲ್ಲಿ ಮಗಳು ಬದುಕಿದ್ದಳು ಎಂಬ ವಾದ. ಫ್ರಾನ್ಸಿನ ತಜ್ಞರು ದಾಖಲೆಗಳ ಕಂತೆಯಿಟ್ಟು ಅಲ್ಲಗಳೆದರು.

ಶಂಕೆ ಸುಮ್ಮನೆ ಬಂದದ್ದಲ್ಲ. 2010ರಲ್ಲಿ ಟೋಕಿಯೊದ ಅತಿ ಹಿರಿಯ ಪುರುಷನನ್ನು ಅಭಿನಂದಿಸಲು ಹೋದ ಅಧಿಕಾರಿಗಳಿಗೆ ಸಿಕ್ಕಿದ್ದು ಮೂವತ್ತು ವರ್ಷ ಹಳೆಯ ಒಣಗಿದ ಶವ. ಪಿಂಚಣಿ ಮಾತ್ರ ತಪ್ಪದೆ ಬರುತ್ತಿತ್ತು. ಆ ಮೇಲೆ ದೇಶದಾದ್ಯಂತ ಹುಡುಕಿದಾಗ, ಕಾಗದದಲ್ಲಿ ಬದುಕಿದ್ದು ನೆಲದ ಮೇಲೆ ಪತ್ತೆಯಿಲ್ಲದ ಶತಾಯುಷಿಗಳು ಎರಡು ಲಕ್ಷಕ್ಕೂ ಹೆಚ್ಚು. ಸಾಲ್ ನ್ಯೂಮನ್ ಎಂಬ ಸಂಶೋಧಕರು ಅಮೆರಿಕದ ರಾಜ್ಯಗಳಲ್ಲಿ ಜನನ ನೋಂದಣಿ ಶುರುವಾದ ಮೇಲೆ ಹುಟ್ಟಿದವರಲ್ಲಿ ನೂರಹತ್ತು ದಾಟಿದವರ ಸಂಖ್ಯೆ ಥಟ್ಟನೆ ಇಳಿದದ್ದನ್ನು ತೋರಿಸಿ, 2024ರಲ್ಲಿ ಇಗ್ ನೊಬೆಲ್ ಪಡೆದರು. ನಮಗೆ ಇದು ಹೊಸದೇನಲ್ಲ. ಹೆಡ್‌ಮಾಸ್ತರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದ ಜೂನ್ 1 ಎಂಬ ಹುಟ್ಟಿದ ದಿನವನ್ನು ನಿವೃತ್ತಿವರೆಗೂ ಹೊತ್ತವರು ಕರ್ನಾಟಕದಲ್ಲಿ ಎಷ್ಟು ಮಂದಿಯೋ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರಂತೆ 1907ರ ಹುಟ್ಟು ಎಲ್ಲರಿಗೂ ತಿಳಿದಿದ್ದು, 111ರವರೆಗೆ ಜನರ ಕಣ್ಣೆದುರಿಗೇ ಬದುಕಿದವರು ಅಪರೂಪ.

ಅದಕ್ಕೇ ನನಗೆ ಮೈಸೂರಿನ ಒಂದು ಹಳೇ ರಿಜಿಸ್ಟರ್ ಈ ಹೊಳೆಯುವ ಕಂಪನಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಕೂಸುಗಳನ್ನು, ಅಷ್ಟರಲ್ಲಿ ನಡುವಯಸ್ಸಿಗೆ ಬಂದಿದ್ದವರನ್ನು, ಆಸುಪಾಸಿನ ಬೀದಿಗಳಲ್ಲಿ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದ್ರೋಗ ಹೆಚ್ಚು. ತಾಯಿ ಬಸುರಿಯಾಗಿದ್ದಾಗ ಹೊಟ್ಟೆತುಂಬ ಉಂಡಳೇ ಎಂಬುದಕ್ಕೂ ಐವತ್ತರ ಎದೆನೋವಿಗೂ ನಂಟು. ಮುಪ್ಪಿನ ವಿಜ್ಞಾನಕ್ಕೆ ಇಂಥ ಹೊರಗೆಲಸ ಬೇಕು: ಬರೆದಿಡುವುದು, ಕಾಯುವುದು, ಮತ್ತೆ ಹೋಗಿ ಬಾಗಿಲು ತಟ್ಟುವುದು.

ಅದೇ ಬಗೆಯ ಕೆಲಸ ಈಗ ಕೋಲಾರದ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಆ ಮಾವಿನ ಸೀಮೆಯ ಹಳ್ಳಿಗಳಿಂದ 45 ದಾಟಿದ 10,000 ಜನರನ್ನು ಸೇರಿಸಿಕೊಂಡು, ನೆನಪು, ನಡಿಗೆ, ರಕ್ತ, ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸಕ್ಕೆ ಇಳಿದಿದೆ. ಅದೇ ವಿಜ್ಞಾನ ಸಂಸ್ಥೆ 2024ರಲ್ಲಿ ದೀರ್ಘಾಯುಷ್ಯದ್ದೇ ಯೋಜನೆಯೊಂದನ್ನು ಶುರು ಮಾಡಿತು. ಅದರಡಿ ‘ಭಾರತ್’ ಎಂಬ ಅಧ್ಯಯನ ನಮ್ಮ ಜನರ ವಯಸ್ಸಿನ ಗುರುತುಗಳೇನು ಎಂದು ಹುಡುಕುತ್ತಿದೆ. ಇದರ ಅಗತ್ಯ ಹೀಗೆ: ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಓದಿ ದೇಹದ ವಯಸ್ಸು ಹೇಳುವ ‘ಗಡಿಯಾರ’ವನ್ನು ಸ್ಟೀವ್ ಹೋರ್ವಾತ್ 2013ರಲ್ಲಿ ರೂಪಿಸಿದರು, 353 ತಾಣಗಳ ಲೆಕ್ಕದಿಂದ. ಈಗ ಇಂಥ ಗಡಿಯಾರಗಳು ಹಲವು. ಒಂದೇ ರಕ್ತಕ್ಕೆ ಒಂದೊಂದು ಒಂದೊಂದು ವಯಸ್ಸು ಹೇಳುವುದುಂಟು, ಬಹುಪಾಲು ಪಶ್ಚಿಮದವರ ದೇಹ ನೋಡಿ ಕಲಿತವು. ಹಗಲೆಲ್ಲ ಬಿಸಿಲಲ್ಲಿ ದುಡಿದು, ರಾಗಿಮುದ್ದೆ ಉಂಡು, ಒಲೆಯ ಹೊಗೆ ಕುಡಿದ ದೇಹದ ಗಡಿಯಾರ ಅಲ್ಲಿಂದ ತರಿಸಿಕೊಳ್ಳಲು ಆಗುವುದಿಲ್ಲ. ಇಂಥ ಗಡಿಯಾರ ನಂಬುವಂತಾದರೆ ರಾಪಾಮೈಸಿನ್‌ಗೂ ಶುಗರ್ ಮಾತ್ರೆಗೂ ಉತ್ತರ ಐದಾರು ವರ್ಷದಲ್ಲಿ ಸಿಕ್ಕೀತು. ಅಲ್ಲಿಯವರೆಗೆ ‘ನಿಮ್ಮ ಜೈವಿಕ ವಯಸ್ಸು ಇಷ್ಟು’ ಎಂದು ಸಾವಿರಗಟ್ಟಲೆ ಪಡೆದು ಕೊಡುವ ವರದಿಗಳನ್ನು ಜಾತಕದಷ್ಟೇ ನಂಬಬಹುದು.

ಹೀಗಿದ್ದೂ ಪಣ ಕಟ್ಟಿದವರಿದ್ದಾರೆ. 2000ದಲ್ಲಿ ಜೀವವಿಜ್ಞಾನಿ ಸ್ಟೀವನ್ ಆಸ್ಟಡ್, ನೂರೈವತ್ತು ಮುಟ್ಟುವ ಮೊದಲ ಮನುಷ್ಯ ಈಗಾಗಲೇ ಹುಟ್ಟಿದ್ದಾನೆ ಎಂದರು. ಜನಸಂಖ್ಯಾ ತಜ್ಞ ಜೇ ಓಲ್ಶಾನ್ಸ್ಕಿ ಒಪ್ಪಲಿಲ್ಲ. ಇಬ್ಬರೂ ಸ್ನೇಹಿತರು, ತಲಾ 150 ಡಾಲರ್ ಹಾಕಿ ಹೂಡಿಕೆ ಮಾಡಿಟ್ಟರು, 2016ರಲ್ಲಿ ಇಬ್ಬರೂ ಮತ್ತೆ ಅಷ್ಟೇ ಸೇರಿಸಿದರು. 2150ಕ್ಕೆ ತೀರ್ಪು, ಆ ಹೊತ್ತಿಗೆ ಬೆಳೆದ ಹಣ ಗೆದ್ದವರ ವಂಶಸ್ಥರಿಗೆ. ಷರತ್ತುಗಳಿವೆ: ವಯಸ್ಸಿಗೆ ಪಕ್ಕಾ ದಾಖಲೆ ಬೇಕು, ಆ ಮನುಷ್ಯ ಸಾಮಾನ್ಯ ಮಾತುಕತೆ ಆಡುವಷ್ಟು ಎಚ್ಚರವಾಗಿರಬೇಕು. ಆಸ್ಟಡ್ ಅವರ ಧೈರ್ಯ ಆಮೇಲೆ ಹೆಚ್ಚಲು ಒಂದು ಕಾರಣ ಆ 600 ದಿನದ ಇಲಿಗಳೇ. ನನ್ನ ದುಡ್ಡನ್ನು ನಾನು ಓಲ್ಶಾನ್ಸ್ಕಿ ಕಡೆಗೇ ಹಾಕುತ್ತೇನೆ. ಇಲಿಗೆ ಸಿಕ್ಕಿದ್ದೆಲ್ಲ ಮನುಷ್ಯನಿಗೂ ಪೂರ್ತಿ ಸಿಗುತ್ತದೆ, ಅದೂ ಎಲ್ಲರಿಗಿಂತ ಹೆಚ್ಚು ಬದುಕಿದ ಆರ್ಲ್‌ನ ಅಜ್ಜಿಗೇ ಸಿಗುತ್ತದೆ ಎಂದಿಟ್ಟುಕೊಳ್ಳೋಣ. 122ಕ್ಕೆ ಶೇ 14 ಸೇರಿಸಿದರೆ 139. ಇನ್ನೂ ಹನ್ನೊಂದು ವರ್ಷ ಸಾಲದು.